ಕಿಟಕಿ ಸರಳಿಗೆ ಸಿಕ್ಕಿಸಿದ ಎರಡು ಪಿನ್ನು

ನಮ್ಮ ಕಡೆ ಗುಡುಗಿದರೆ ಮೊದಲು ಮಾಡುವ ಕೆಲಸ ಫೋನಿನ ಪಿನ್ನು ಕೀಳುವುದು. ಅಂಗಳದಲ್ಲಿ ಒಣಹಾಕಿದ ಬಟ್ಟೆ, ಬರಣಿಯ ಉಪ್ಪಿನಕಾಯಿ ಎಲ್ಲ ಆಮೇಲೆ. ಎರಡು ಗುಡ್ಡದ ಆಚೆ ತಂತಿಗೆ ಸಿಡಿಲು ಹೊಡೆದರೂ ಅದು ಕಂಬದಿಂದ ಕಂಬಕ್ಕೆ ಹಾದು ಮನೆಯೊಳಗೆ ಬಂದು ಫೋನನ್ನು ಸುಟ್ಟುಹಾಕುತ್ತಿತ್ತು. ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಬಿಸಿ ಪಾತ್ರೆ ಮುಟ್ಟಿದ ಕೈ ತಾನಾಗಿ ಹಿಂದೆ ಬರುವಂತೆ, ಮೊದಲ ಗುಡುಗಿಗೆ ಕೈ ತಾನಾಗಿ ಪಿನ್ನಿಗೆ ಹೋಗುತ್ತಿತ್ತು. ಕಿತ್ತದ್ದನ್ನು ಮತ್ತೆ ಹಾಕಬೇಕು ಎನ್ನುವುದು ಮಾತ್ರ ಕೈಗೆ ಗೊತ್ತಿರಲಿಲ್ಲ, ಅದನ್ನು ನೆನಪಿಟ್ಟುಕೊಳ್ಳಬೇಕಿತ್ತು.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ನಾನು ಚಿಕ್ಕಮಗಳೂರಿನಲ್ಲಿ ಕಾಫಿ ಹೊರದೇಶಕ್ಕೆ ಕಳಿಸುವ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದೆ. ಮನೆ ವಸ್ತಾರೆಯಲ್ಲಿ. ಗಂಡ ಕಳಸದಲ್ಲಿ ಮೇಷ್ಟ್ರು, ಶನಿವಾರ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೋಗುತ್ತಿದ್ದರು. ವಾರವೆಲ್ಲ ನಾನೊಬ್ಬಳೇ. ನನಗೆ ಅದೇನೂ ಬೇಸರವಿರಲಿಲ್ಲ, ನನ್ನ ಬಾಯಿಗೆ ವಾರಕ್ಕೆ ಎರಡು ದಿನ ಗಂಡ ಸಿಕ್ಕರೆ ಅವರಿಗೂ ಸಾಕಿತ್ತು.

ನನ್ನ ಕೆಲಸ ಮೇಲ್ ನೋಡುವುದು. ಕಾಫಿಯ ಸ್ಯಾಂಪಲ್ಲು ಸಣ್ಣ ಚೀಲದಲ್ಲಿ ಯುರೋಪಿಗೆ ಹೋಗುತ್ತಿತ್ತು. ಅಲ್ಲಿಯವರು ಹುರಿದು, ಕುಡಿದು, ಒಪ್ಪಿಗೆಯೋ ಇಲ್ಲವೋ ಎಂದು ಬರೆಯುತ್ತಿದ್ದರು. ಅವರ ಕಚೇರಿ ಬಾಗಿಲು ತೆರೆಯುವಾಗ ನಮಗೆ ಮಧ್ಯಾಹ್ನ ಕಳೆದಿರುತ್ತಿತ್ತು. ಅವರು ಉತ್ತರ ಬರೆಯುವ ಹೊತ್ತಿಗೆ ನಾನು ಐದೂವರೆ ಬಸ್ಸಿನಲ್ಲಿ ನಿಂತಿರುತ್ತಿದ್ದೆ.

"ಮೇಡಂ, ಅವ್ರು ಕಾಫಿ ಕುಡ್ದು ಕೂತು ಮೇಲ್ ಹಾಕೋ ಹೊತ್ತಿಗೆ ನೀವು ಮನೇಲಿರ್ತೀರಿ. ಹಿಂಗಾದ್ರೆ ಹೆಂಗೆ?" ಎಂದರು ಮೇನೇಜರು.

"ನಮ್ಮ ಕಾಫಿನೇ ಕುಡೀತಿರೋದಲ್ವಾ ಸಾರ್, ಬೆಳಿಗ್ಗೆ ತನಕ ಕಾಯ್ಲಿ ಬಿಡಿ" ಎಂದೆ.

ಅವರು ನಗಲಿಲ್ಲ. ಮುಂದಿನ ವಾರ ಕಚೇರಿಯ ಜೀಪಿನಲ್ಲಿ ಒಂದು ಹಳೆಯ ಕಂಪ್ಯೂಟರು ನಮ್ಮ ಮನೆಗೆ ಬಂತು. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ಕಂಪ್ಯೂಟರಿನ ಹಿಂದೆಯೇ ಕಚೇರಿಯೂ ಬಂತು. ಸಂಜೆ ಆರರಿಂದ ಏಳರೊಳಗೆ ಮೇಲ್ ನೋಡಿ ಉತ್ತರ ಹಾಕಬೇಕು ಎಂದು ಕಟ್ಟಪ್ಪಣೆಯಾಯಿತು.

ಮನೆಯಲ್ಲಿ ಫೋನಿಗೆ ಇದ್ದದ್ದು ಒಂದೇ ಸಾಕೆಟ್ಟು, ಒಳಕೋಣೆಯ ಕಿಟಕಿಯ ಪಕ್ಕದಲ್ಲಿ. ಫೋನು ಇದ್ದದ್ದು ಹಾಲಿನಲ್ಲಿ. ಅದರ ಉದ್ದನೆಯ ವೈರು ಬಾಗಿಲ ಸಂದಿಯಿಂದ ಒಳಕೋಣೆಗೆ ಬಂದು ಸಾಕೆಟ್ಟಿಗೆ ಸೇರುತ್ತಿತ್ತು. ಆಗ ಮೇಲ್ ಹೋಗಿ ಬರುತ್ತಿದ್ದದ್ದು ಫೋನಿನ ತಂತಿಯಲ್ಲೇ, ಅದೇ ಸಾಕೆಟ್ಟಿಗೆ ಕಂಪ್ಯೂಟರಿನದ್ದೂ ಒಂದು ವೈರು ಬೇಕಾಯಿತು. ಹಾಗಾಗಿ ಮೇಲ್ ನೋಡುವಾಗ ಫೋನಿನ ಪಿನ್ನು ಕಿತ್ತು ಕಿಟಕಿಯ ಸರಳಿಗೆ ಸಿಕ್ಕಿಸಿ, ಕಂಪ್ಯೂಟರಿನ ಪಿನ್ನು ಹಾಕುವುದು. ಮುಗಿದ ಮೇಲೆ ಇದನ್ನು ಕಿತ್ತು ಸರಳಿಗೆ, ಅದನ್ನು ತೆಗೆದು ಸಾಕೆಟ್ಟಿಗೆ. ಗುಡುಗಿದರೆ ಎರಡೂ ಸರಳಿಗೆ. ಅತ್ತಿಗುಂಡಿ ಕಡೆ ನಮ್ಮ ಕಚೇರಿಯವರೇ ಒಬ್ಬರ ಮನೆಯಲ್ಲಿ ಸಿಡಿಲಿಗೆ ಕಂಪ್ಯೂಟರು ಸುಟ್ಟು ಹೋಗಿ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಮೇನೇಜರು ನನ್ನನ್ನು ಮುಂಚಿತವಾಗಿಯೇ ಬೈದಿದ್ದರು. ನಾನು ಆ ಪೆಟ್ಟಿಗೆಯನ್ನು ಮೊಮ್ಮಗುವಿನಂತೆ ಕಾಯುತ್ತಿದ್ದೆ. ಅದಕ್ಕೊಂದು ಬಟ್ಟೆಯ ಕವರೂ ಇತ್ತು. ಹೊಲಿದುಕೊಟ್ಟವಳು ಹಿಂದಿನ ಮನೆಯವಳು.

ಹಿಂದಿನ ಮನೆಯವಳು ಎಂದರೆ ನಮ್ಮ ಹಿತ್ತಿಲ ಬೇಲಿಯ ಆಚೆಯವಳು. ರವಿಕೆ ಹೊಲಿಯುತ್ತಿದ್ದಳು. ಅವಳ ಗಂಡ ಮಲ್ಲಂದೂರಿನ ಒಂದು ಎಸ್ಟೇಟಿನಲ್ಲಿ ಜೀಪು ಓಡಿಸುತ್ತಿದ್ದ. ಜೊತೆಗೆ ಅವರದೇ ಎರಡು ಎಕರೆ ರೋಬಸ್ಟಾ ಕಾಫಿ ತೋಟ. ಒಬ್ಬಳು ಮಗಳು. ಅವರ ಮನೆಗೆ ಫೋನಿರಲಿಲ್ಲ. ಆ ಕಾಲದಲ್ಲಿ ಫೋನಿಲ್ಲದವರು ಪಕ್ಕದ ಮನೆಯ ನಂಬರು ಕೊಟ್ಟು ಮುಂದೆ 'ಪಿಪಿ' ಎಂದು ಬರೆಯುತ್ತಿದ್ದರು. ನಮ್ಮ ನಂಬರು ಹಾಗೆ ಅವಳ ಮೈದುನನ ಮದುವೆಯ ಕರೆಯೋಲೆಯಲ್ಲಿ, ಮಗಳ ಶಾಲೆಯ ಅರ್ಜಿಯಲ್ಲಿ ಎಲ್ಲ ಕಡೆ ಇತ್ತು. ಅವರಿಗೆ ಫೋನು ಬಂದರೆ ನಾನು ಹಿತ್ತಿಲ ಬಾಗಿಲಲ್ಲಿ ನಿಂತು "ಬಾರೇ, ಫೋನು!" ಎಂದು ಕೂಗುತ್ತಿದ್ದೆ. ಅವಳು ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡೇ ಓಡಿಬರುತ್ತಿದ್ದಳು.

ಆ ವರ್ಷ ಫೆಬ್ರವರಿಯಲ್ಲಿ ಅವಳ ಗಂಡನಿಗೆ ಎದೆನೋವು ಬಂತು. ಮಂಗಳೂರಿಗೆ ಕರೆದುಕೊಂಡು ಹೋದರು, ಜೊತೆಗೆ ಅವನ ತಮ್ಮ ಹೋದ. ಆಪರೇಷನ್ ಆಗಬೇಕು ಎಂದರು, ದಿನ ಮುಂದೆ ಹೋಗುತ್ತಾ ಹೋಗುತ್ತಾ ಮಾರ್ಚಿ ಕೊನೆ ಬಂತು. ಮಗಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ. "ಪರೀಕ್ಷೆ ಮುಗಿಸ್ಕೊಂಡೇ ಬಾ, ಈಗ್ಲೇ ಬಂದು ಎಂತ ಮಾಡ್ತಿ" ಎಂದು ಗಂಡನೇ ಹೆಂಡತಿಯನ್ನು ಊರಲ್ಲಿ ನಿಲ್ಲಿಸಿದ್ದ. ದಿನಾ ಸಂಜೆ ಏಳು ಗಂಟೆಗೆ ಆಸ್ಪತ್ರೆಯ ಕೆಳಗಿನ ಎಸ್‌ಟಿಡಿ ಬೂತಿನಿಂದ ಫೋನು ಮಾಡುತ್ತಿದ್ದ. ಏಳಕ್ಕೆ ಮುಂಚೆ ನಾನು ಮೇಲ್ ಮುಗಿಸಿ ಫೋನಿನ ಪಿನ್ನು ಹಾಕಿರಬೇಕು. ಇದು ನಮ್ಮ ಒಪ್ಪಂದ.

ಅವನು ಕೇಳುತ್ತಿದ್ದ ಮೊದಲ ಮಾತು ಒಂದೇ. "ಮಳೆ ಬಂತಾ?"

ಅಡುಗೆಮನೆಯಲ್ಲಿ ನಿಂತರೂ ನನಗೆ ಅದು ಗೊತ್ತಾಗುತ್ತಿತ್ತು, ಏಕೆಂದರೆ ಅವಳ ಉತ್ತರವೂ ಒಂದೇ. "ಇಲ್ಲ, ಮೋಡ ಆಗ್ತದೆ, ಹೋಗ್ತದೆ."

ಕಾಫಿ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರಿಗೆ ಹೇಳುವುದಾದರೆ, ಬೇಸಿಗೆಯಲ್ಲಿ ಗಿಡದ ತುಂಬ ಮೊಗ್ಗು ಕಾಯುತ್ತಾ ನಿಂತಿರುತ್ತದೆ, ಒಂದು ಒಳ್ಳೆಯ ಮಳೆ ಬಿದ್ದರೆ ಮಾತ್ರ ಅರಳುತ್ತದೆ. ಅದಕ್ಕೆ ಹೂಮಳೆ ಎನ್ನುತ್ತೇವೆ. ಬಾರದಿದ್ದರೆ ಆ ವರ್ಷದ ಫಸಲು ಹೋದಂತೆಯೇ. ಬಂದರೂ ಎಷ್ಟು ಬಂತು ಎಂಬುದು ಮುಖ್ಯ. ನಮ್ಮಲ್ಲಿ ಮಳೆಯನ್ನು ಇಂಚು, ಸೆಂಟಿನಲ್ಲೇ ಹೇಳುವುದು, ನೂರು ಸೆಂಟಿಗೆ ಒಂದು ಇಂಚು. ಫೋನಿನಲ್ಲಿ ಮೊದಲು ಮಳೆ, ಆಮೇಲೆ ಆರೋಗ್ಯ. ಆಸ್ಪತ್ರೆಯ ಹಾಸಿಗೆಯಲ್ಲಿದ್ದವನೂ ಅದನ್ನೇ ಕೇಳಿದ ಎಂದರೆ ನಮ್ಮ ಊರಲ್ಲಿ ಯಾರಿಗೂ ಆಶ್ಚರ್ಯವಾಗುವುದಿಲ್ಲ.

ಕೊನೆಗೆ ಆಪರೇಷನ್ ದಿನ ಗೊತ್ತಾಯಿತು. ಬೆಳಿಗ್ಗೆ ಎಂಟಕ್ಕೆ. ಮಗಳ ಕೊನೆಯ ಪರೀಕ್ಷೆಯೂ ಅವತ್ತೇ. ಮಧ್ಯಾಹ್ನ ಅದು ಮುಗಿದ ಕೂಡಲೇ ಇಬ್ಬರೂ ಮಂಗಳೂರು ಬಸ್ಸು ಹತ್ತುವುದೆಂದು ಚೀಲ ತುಂಬಿಟ್ಟಿದ್ದರು. ಹಿಂದಿನ ಸಂಜೆ ಏಳಕ್ಕೆ ಎಂದಿನಂತೆ ಫೋನು.

ಆ ಹಿಂದಿನ ಸಂಜೆಯೇ ಮಳೆ ಬಂದದ್ದು.

ನಾನು ಬಸ್ಸಿನಲ್ಲಿದ್ದಾಗಲೇ ಶುರುವಾಯಿತು. ಬಸ್ಸಿನೊಳಗೆ ಗಂಡಸರೆಲ್ಲ "ಬಂತು ಮಾರಾಯ, ಬಂತು!" ಎಂದು ಕಿಟಕಿ ಹಾಕುವುದನ್ನೂ ಬಿಟ್ಟು ಕೈ ಹೊರಗೆ ಚಾಚುತ್ತಿದ್ದರು. ಮನೆಗೆ ಬಂದವಳೇ ಒದ್ದೆ ಸೀರೆಯಲ್ಲೇ ಒಳಕೋಣೆಗೆ ಹೋಗಿ ಫೋನಿನ ಪಿನ್ನು ಕಿತ್ತು ಸರಳಿಗೆ ಸಿಕ್ಕಿಸಿದೆ. ಕರೆಂಟು ಇರಲಿಲ್ಲ. ನನ್ನ ತಲೆಯಲ್ಲಿದ್ದದ್ದು ಮಳೆಯಲ್ಲ, ಮೇಲ್. ಹಡಗಿನಲ್ಲಿ ಜಾಗ ಹಿಡಿಯುವ ಕೊನೆಯ ದಿನ, ಸ್ಯಾಂಪಲ್ಲಿಗೆ ಒಪ್ಪಿಗೆ ಬಂದ ಕೂಡಲೇ ಇವತ್ತೇ ಉತ್ತರ ಹೋಗಬೇಕು ಎಂದು ಮೇನೇಜರು ನಾಲ್ಕು ಸಲ ಹೇಳಿ ಕಳಿಸಿದ್ದರು.

ಏಳಕ್ಕೆ ಕಾಲು ಗಂಟೆ ಇರುವಾಗ ಮಳೆ ನಿಂತು ಕರೆಂಟು ಬಂತು. ಅದೇ ಹೊತ್ತಿಗೆ ಅವಳೂ ಹಿತ್ತಿಲಿನಿಂದ ಬಂದಳು. ತಲೆಯೆಲ್ಲ ಒದ್ದೆ. ಕೈಯಲ್ಲಿ ಮಳೆ ಅಳೆಯುವ ಗಾಜಿನ ಕೊಳವೆ.

"ಅಕ್ಕಾ, ಒಂದು ಇಂಚು ಇಪ್ಪತ್ತು ಸೆಂಟು!"

ಮಳೆಯನ್ನು ಅಳೆಯುವುದು ಮರುದಿನ ಬೆಳಿಗ್ಗೆ. ದೊಡ್ಡ ಎಸ್ಟೇಟಿನಲ್ಲೂ ಹಾಗೆಯೇ, ಎರಡು ಎಕರೆಯವರಲ್ಲೂ ಹಾಗೆಯೇ. ಸಂಜೆಯೇ ಅಳೆದವಳನ್ನು ನಾನು ಅವತ್ತೇ ನೋಡಿದ್ದು.

"ನಿನ್ ಗಂಡ ಬಂದ್ರೆ ಬೈತಾನೆ ನೋಡು, ಲೆಕ್ಕ ಕೆಡಿಸಿದೆ ಅಂತ" ಎಂದೆ.

"ಬೈಲಿ. ಬಂದು ಬೈಲಿ" ಎಂದಳು. ಕುರ್ಚಿ ಎಳೆದುಕೊಂಡು ಫೋನಿನ ಪಕ್ಕ ಕೂತಳು. ಕೊಳವೆಯನ್ನು ಕೆಳಗಿಡಲಿಲ್ಲ.

"ಹತ್ತೇ ನಿಮಿಷ, ಒಂದು ಮೇಲ್ ಕಳ್ಸಿ ಬಿಟ್ಬಿಡ್ತೀನಿ" ಎಂದು ನಾನು ಒಳಗೆ ಹೋಗಿ ಕಂಪ್ಯೂಟರಿನ ಪಿನ್ನು ಹಾಕಿದೆ. ಅದು ಕಿರ್ರೋ ಕುಂಯ್ಯೋ ಎಂದು ಎರಡು ಸಲ ಕೂಗಿ ಎರಡು ಸಲವೂ ಕೈಕೊಟ್ಟಿತು. ಮೂರನೆಯ ಸಲ ಲೈನು ಸಿಕ್ಕಿತು. ಒಪ್ಪಿಗೆಯ ಮೇಲ್ ಬಂದಿತ್ತು. ಉತ್ತರ ಬರೆದೆ, ಮೂರು ಶಬ್ದ. ನೋಟೆಡ್ ವಿತ್ ಥ್ಯಾಂಕ್ಸ್. ಅದು ಹೋಗುವಾಗ ಏಳು ಗಂಟೆ ಹತ್ತು ನಿಮಿಷ.

ಅಷ್ಟರಲ್ಲಿ ದೂರದಲ್ಲಿ ಇನ್ನೊಂದು ಸಲ ಗುಡುಗಿತು. ಕೈ ತಾನಾಗಿ ಹೋಯಿತು. ಕಂಪ್ಯೂಟರಿನ ಪಿನ್ನು ಕಿತ್ತು ಸರಳಿಗೆ ಸಿಕ್ಕಿಸಿದೆ. ಫೋನಿನದ್ದು ಅಲ್ಲಿ ಮೊದಲೇ ಇತ್ತು. ಗುಡುಗು ಕಳೆದ ಮೇಲೆ ಹಾಕೋಣ ಎಂದುಕೊಂಡೆನೋ, ಏನೂ ಅಂದುಕೊಳ್ಳಲೇ ಇಲ್ಲವೋ, ಇವತ್ತಿಗೂ ಖಚಿತವಾಗಿ ಹೇಳಲಾರೆ. ಕವರು ಹೊದಿಸಿ, "ಆಯ್ತು ಮಾರಾಯ್ತಿ, ಮುಗೀತು" ಎನ್ನುತ್ತಾ ಹಾಲಿಗೆ ಬಂದು, ಹಾಗೆಯೇ ಅಡುಗೆಮನೆಗೆ ಹೋಗಿ ಅನ್ನಕ್ಕಿಟ್ಟೆ.

ಏಳೂವರೆಗೆ ಅವಳು ಕೇಳಿದಳು. "ಅಕ್ಕಾ, ಫೋನು ಸರಿ ಇದ್ಯಾ?"

"ಇಲ್ದೆ ಎಂತ? ಬಂದ್ರೆ ಹೊಡ್ಕೊಳ್ತದೆ. ಸುಮ್ನೆ ಕೂರು" ಎಂದೆ. ಸಿಡುಕಿನಲ್ಲೇ ಹೇಳಿದೆ. ಹಸಿವಾಗಿತ್ತು.

ರಿಸೀವರು ಎತ್ತಿ ನೋಡಿದ್ದರೆ ಗೊತ್ತಾಗುತ್ತಿತ್ತು. ಅವಳು ಎತ್ತಲಿಲ್ಲ. "ನಾನು ಎತ್ತಿರೋ ಹೊತ್ತಿಗೇ ಅವ್ರು ಮಾಡಿಬಿಟ್ರೆ ಎಂಗೇಜ್ ಬರ್ತದಲ್ಲ" ಎಂದು ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು. ಎಂಟೂಕಾಲಿನ ತನಕ ಹಾಗೆ ಕೂತಿದ್ದು ಎದ್ದಳು.

"ನಾಳೆ ಬೆಳಿಗ್ಗೆ ಬೇಗ ಏಳ್ಬೇಕು ಅಂತ ಮಲಗಿಸಿರ್ಬೇಕು, ಅಲ್ವಾ?"

"ಹೌದು, ಇಂಜೆಕ್ಷನ್ ಕೊಟ್ಟಿರ್ತಾರೆ" ಎಂದೆ. ನನಗೇನು ಗೊತ್ತು, ಆದರೂ ಹೇಳಿದೆ.

ಬೆಳಿಗ್ಗೆ ಏಳು ಗಂಟೆಗೆ ಕಿಟಕಿ ತೆರೆಯಲು ಒಳಕೋಣೆಗೆ ಹೋದೆ. ಸರಳಿನಲ್ಲಿ ಎರಡು ಪಿನ್ನು ನೇತಾಡುತ್ತಿದ್ದವು. ಒಂದಲ್ಲ, ಎರಡು. ಸಾಕೆಟ್ಟು ಖಾಲಿ.

ನಾನು ಕಿರುಚಲಿಲ್ಲ, ಕೂರಲಿಲ್ಲ. ಫೋನಿನ ಪಿನ್ನು ತೆಗೆದು ಸಾಕೆಟ್ಟಿಗೆ ಹಾಕಿದೆ. ಟಕ್ ಎಂದಿತು. ಹಾಲಿಗೆ ಬಂದು ನಿಂತೆ. ಸ್ವಲ್ಪ ಹೊತ್ತಿಗೆ ಫೋನು ಹೊಡೆದುಕೊಂಡಿತು. ಅವನ ತಮ್ಮ.

"ಅಣ್ಣನ್ನ ಒಳಗೆ ಕರ್ಕೊಂಡು ಹೋದ್ರು ಅಕ್ಕಾ, ಈಗಷ್ಟೆ. ರಾತ್ರಿ ಎಷ್ಟು ಸಲ ಮಾಡಿದ್ವಿ. ಮೊದ್ಲು ಎಂಗೇಜ್ ಬರ್ತಿತ್ತು. ಆಮೇಲೆ ರಿಂಗ್ ಆಗ್ತಾನೇ ಇತ್ತು, ಯಾರೂ ಎತ್ಲಿಲ್ಲ. ಬೂತು ಮುಚ್ಚೋ ತನಕ ಅಣ್ಣ ಅಲ್ಲೇ ಕೂತಿದ್ದ. ನಾನು ಬೇಡ ಅಂದ್ರೂ ಕೇಳ್ಲಿಲ್ಲ. ಅತ್ತಿಗೆ ಬರ್ಲಿಲ್ವಾ?"

ಪಿನ್ನು ಕಿತ್ತಿದ್ದರೂ ಆ ಕಡೆಯವರಿಗೆ ರಿಂಗಾಗುತ್ತಿರುವಂತೆಯೇ ಕೇಳಿಸುತ್ತದೆ. ಇದು ನನಗೆ ಗೊತ್ತಿತ್ತು. ಎಂಗೇಜ್ ಬಂದದ್ದು ನನ್ನ ಮೇಲ್ ಹೋಗುತ್ತಿದ್ದಾಗ. ಆಮೇಲೆ ರಿಂಗಾದದ್ದು ಪಿನ್ನು ಸರಳಿನಲ್ಲಿದ್ದಾಗ. ಅವನು ಹೇಳಿದ ಪ್ರತಿ ಮಾತೂ ನನಗೆ ಲೆಕ್ಕ ಹಾಕಿ ಕೊಟ್ಟಂತಿತ್ತು.

"ಗುಡುಗು ಮಾರಾಯ. ಲೈನು ಕೆಟ್ಟುಹೋಗಿತ್ತು" ಎಂದೆ. ಇಷ್ಟು ಸಲೀಸಾಗಿ ಬಂತು ಬಾಯಲ್ಲಿ.

"ಹೌದಾ, ಅಲ್ಲಿ ಮಳೆ ಬಂತಾ?" ಎಂದ ಅವನು.

"ಒಂದು ಇಂಚು ಇಪ್ಪತ್ತು ಸೆಂಟು" ಎಂದೆ.

ಅವಳು ಮಗಳೊಂದಿಗೆ ಮಧ್ಯಾಹ್ನದ ಬಸ್ಸಿಗೆ ಹೋದಳು. ಅವನಿಗೆ ಆಪರೇಷನ್ ಆದ ಮೇಲೆ ಎಚ್ಚರವಾಗಲಿಲ್ಲ. ಮೂರನೆಯ ದಿನ ಊರಿಗೆ ತಂದರು. ಅವನ ತಮ್ಮ ನನ್ನ ಮಾತನ್ನೇ ಎಲ್ಲರಿಗೂ ಹೇಳಿದ್ದ, ಎಲ್ಲರೂ ನಂಬಿದ್ದರು. "ಹಾಳಾದ ಗುಡುಗು, ಅವತ್ತೇ ಬರ್ಬೇಕಿತ್ತಾ" ಎಂದು ಹೆಂಗಸರು ನನ್ನೆದುರಿಗೇ ಮಳೆಯನ್ನು ಬೈದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಗುಡುಗು ಎಂದವರ ಮುಖವನ್ನೆಲ್ಲ ನೋಡುತ್ತಿದ್ದೆ. ಯಾರೂ ನನ್ನನ್ನು ನೋಡುತ್ತಿರಲಿಲ್ಲ.

ನನಗೆ ಅಳು ಬರಲಿಲ್ಲ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮಣ್ಣು ಮಾಡಿ ಬಂದ ಮರುದಿನ ಕಚೇರಿಗೆ ಹೋದೆ, ಸಂಜೆ ಬಂದು ಪಿನ್ನು ಹಾಕಿ ಮೇಲ್ ನೋಡಿದೆ, ಉತ್ತರ ಬರೆದೆ. ಊಟ ರುಚಿಸಲಿಲ್ಲ ಎಂದೇನಿಲ್ಲ, ರುಚಿಯೇ ಇರಲಿಲ್ಲ, ಆದರೆ ತಿಂದೆ. ಶನಿವಾರ ಬಂದ ಗಂಡನಿಗೆ ಎಲ್ಲ ಹೇಳಿದೆ. ಅವರು "ಅವ್ಳಿಗೆ ಹೇಳು" ಎಂದರು. ಅಷ್ಟೇ ಹೇಳಿದರು. ನಾನು ಹೇಳಲಿಲ್ಲ. ಮಳೆಯಾದ ಒಂಬತ್ತನೆಯ ದಿನಕ್ಕೆ ತೋಟಗಳೆಲ್ಲ ಬೆಳ್ಳಗಾದವು. ಊರಿಗೆ ಊರೇ ಘಮಘಮ. ಅವಳ ಎರಡು ಎಕರೆಯೂ ಗೆಲ್ಲು ಕಾಣದಷ್ಟು ಹೂ ಹಿಡಿದಿತ್ತು. ಬಸ್ಸಿನಲ್ಲಿ ಜನ ಮೂಗರಳಿಸಿ ಉಸಿರೆಳೆದುಕೊಳ್ಳುತ್ತಿದ್ದರು. ನನಗೆ ಯಾವ ವಾಸನೆಯೂ ಬರಲಿಲ್ಲ, ನೆಗಡಿಯೂ ಇರಲಿಲ್ಲ.

ಒಂದು ವರ್ಷ ಹಾಗೆಯೇ ಹೋಯಿತು. ಅವಳು ಬರುತ್ತಿದ್ದಳು, ಹೋಗುತ್ತಿದ್ದಳು, ನನ್ನ ರವಿಕೆ ಹೊಲಿದುಕೊಡುತ್ತಿದ್ದಳು. ಮುಂದಿನ ಮಾರ್ಚಿಯಲ್ಲಿ ಒಂದು ಸಂಜೆ ಹೂಮಳೆ ಬಂತು. ಮಳೆ ಬಿಟ್ಟ ಮೇಲೆ ಅವಳು ಹಿತ್ತಿಲ ಬಾಗಿಲಿನಿಂದ ಬಂದು ಅದೇ ಕುರ್ಚಿಯಲ್ಲಿ ಕೂತಳು. ಯಾಕೆ ಬಂದಳೆಂದು ಅವಳಿಗೇ ಗೊತ್ತಿದ್ದಂತೆ ಕಾಣಲಿಲ್ಲ. ಫೋನನ್ನೇ ನೋಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಅವತ್ತು ಲೈನು ಕೆಟ್ಟಿರ್ಲಿಲ್ಲ ಕಣೇ. ನಾನು ಪಿನ್ನು ಕಿತ್ತಿದ್ದೆ. ಮೇಲ್ ಕಳ್ಸಿದ ಮೇಲೆ ಹಾಕೋದು ಮರ್ತೆ. ಬೆಳಿಗ್ಗೆ ನೋಡ್ದೆ. ನೋಡಿನೂ ಸುಳ್ಳು ಹೇಳ್ದೆ."

ಅವಳು ಫೋನಿನ ಮೇಲಿನ ಕಣ್ಣು ತೆಗೆಯದೆ ಕೇಳಿದಳು.

"ಹಂಗಾರೆ ಅಲ್ಲಿ ರಿಂಗಾಗ್ತಿತ್ತು?"

"ಆಗ್ತಿತ್ತು."

"ನಾನು ಬರ್ಲೇ ಇಲ್ಲ ಅಂದ್ಕೊಂಡಿರ್ತಾರೆ."

ಇಲ್ಲ ಎಂದು ಹೇಳಬಹುದಿತ್ತು. ಸುಳ್ಳು ಹೇಳಿ ಸಾಕಾಗಿತ್ತು.

"ಮಳೆ ಬಂತು ಅಂತ ಒಂದು ಮಾತು ಹೇಳ್ಬೇಕಿತ್ತು ಅಕ್ಕಾ. ಬೇರೆ ಎಂತದೂ ಇರ್ಲಿಲ್ಲ ನಂಗೆ ಹೇಳಕ್ಕೆ" ಎಂದಳು. ಎದ್ದು ಹೋದಳು. ಆಮೇಲೆ ಎರಡು ವರ್ಷ ಅವಳು ನಮ್ಮ ಮನೆ ಬಾಗಿಲು ತುಳಿಯಲಿಲ್ಲ. ಬೇಲಿಯ ಹತ್ತಿರ ಎದುರಾದರೆ ಮುಖ ತಿರುಗಿಸುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ನಾನು ರವಿಕೆಯನ್ನು ಚಿಕ್ಕಮಗಳೂರಿನಲ್ಲಿ ಹೊಲಿಸಿದೆ, ಒಂದೂ ಸರಿಯಾಗಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಬಯ್ಯುವವರ ಹತ್ತಿರ ತಿರುಗಿ ಏನಾದರೂ ಹೇಳಬಹುದು.

ಆ ಎರಡು ವರ್ಷ ಗುಡುಗಿದಾಗ ನಾನು ಕಂಪ್ಯೂಟರಿನ ಪಿನ್ನು ಮಾತ್ರ ಕೀಳುತ್ತಿದ್ದೆ. ಫೋನಿನದ್ದನ್ನು ಮುಟ್ಟುತ್ತಿರಲಿಲ್ಲ. ಒಂದು ಸಲ ಫೋನು ಸುಟ್ಟೇಹೋಯಿತು. ಗಂಡ ಮುಂದಿನ ಶನಿವಾರ ಹೊಸದು ತಂದಿಟ್ಟರು.

ಮೂರನೆಯ ವರ್ಷ ಹಿಂದಿನ ಮನೆಗೆ ಫೋನು ಬಂತು. ಮಗಳು ಕಾಲೇಜಿಗೆ ಹಾಸನದಲ್ಲಿದ್ದಳು, ಅವಳಿಗಾಗಿ ಹಾಕಿಸಿದ್ದು. ಲೈನಿನವನು ಬಂದು ಕಂಬ ಹತ್ತಿದ್ದನ್ನು ನಾನು ಕಿಟಕಿಯಿಂದ ನೋಡಿದೆ. ಇನ್ನು ನಮ್ಮ ನಂಬರಿನ ಮುಂದೆ ಅವರು ಪಿಪಿ ಎಂದು ಬರೆಯಬೇಕಾಗಿಲ್ಲ ಎಂದುಕೊಂಡೆ.

ಆ ಮಾರ್ಚಿಯಲ್ಲಿ ಮಳೆ ತಡವಾಯಿತು. ಬಂದ ದಿನ ಗುಡುಗೋ ಗುಡುಗು. ಕರೆಂಟು ಹೋಗಿತ್ತು. ನಾನು ಕಂಪ್ಯೂಟರಿನ ಪಿನ್ನು ಕಿತ್ತು ಸರಳಿಗೆ ಸಿಕ್ಕಿಸಿ, ಹಾಲಿನಲ್ಲಿ ಕೂತಿದ್ದೆ. ಏಳು ಗಂಟೆ. ಫೋನು ಹೊಡೆದುಕೊಂಡಿತು. ಇಂಥ ಸಿಡಿಲಿನಲ್ಲಿ ನಮ್ಮ ಊರಿನಲ್ಲಿ ಯಾರೂ ಫೋನು ಮುಟ್ಟುವುದಿಲ್ಲ. ನಾನು ಎತ್ತಿದೆ.

"ಅಕ್ಕಾ, ಮಳೆ ಬಂತು. ಒಂದು ಇಂಚು ಐದು ಸೆಂಟು."

ಹಿತ್ತಿಲ ಬೇಲಿಯ ಆಚೆಯಿಂದ ಕೂಗಿದ್ದರೆ ಕೇಳುವಷ್ಟು ಹತ್ತಿರದ ಮನೆ. ಆದರೂ ಆ ದನಿ ತಂತಿಯಲ್ಲೇ ಬಂತು. ಹಿಂದಿನಿಂದ ಗುಡುಗೂ ಕೇಳಿಸಿತು, ಎರಡು ಸಲ, ಒಮ್ಮೆ ಫೋನಿನಲ್ಲಿ, ಒಮ್ಮೆ ಕಿಟಕಿಯಲ್ಲಿ.

"ಹೌದಾ. ಒಳ್ಳೆ ಮಳೆ" ಎಂದೆ.

"ಎತ್ತಿದ್ರಲ್ಲ" ಎಂದಳು. "ಎತ್ತುತ್ತೀರಾ ಅಂತ ನೋಡೋಕೆ ಮಾಡ್ದೆ." ಫೋನು ಇಟ್ಟಳು.

ಆಮೇಲೆ ಪ್ರತಿ ವರ್ಷವೂ ಹೂಮಳೆ ಬಂದ ಸಂಜೆ ಮಾಡುತ್ತಾಳೆ. ಮೊಬೈಲು ಬಂದ ಮೇಲೂ ಆ ಒಂದು ದಿನ ಹಳೆಯ ಫೋನಿಗೇ ಮಾಡುತ್ತಾಳೆ. ಎಷ್ಟು ಇಂಚು, ಎಷ್ಟು ಸೆಂಟು ಎಂದು ಹೇಳಿ ಇಟ್ಟುಬಿಡುತ್ತಾಳೆ. ಪ್ರತಿ ಸಲ ಏಳು ಗಂಟೆಗೆ ನಾನು, ಅವತ್ತು ಅವಳು ಕೂತಿದ್ದ ಕುರ್ಚಿಯಲ್ಲಿ ಕೂತಿರುತ್ತೇನೆ.